ಹೋಂಡಾ ಎಂಜಿನ್ 2015ರಲ್ಲಿ ಅಷ್ಟು ಸೋತದ್ದು ಯಾಕೆ? ಅದೇ ಕಂಪನಿ 2021ರಲ್ಲಿ ಗೆದ್ದದ್ದು ಹೇಗೆ?

ತುಂಗಾತೀರ:

ನಮಸ್ಕಾರ ಎಲ್ಲರಿಗೂ. ನಾನು ಫಾರ್ಮುಲಾ ಒನ್ ನೋಡಲು ಶುರು ಮಾಡಿದ್ದೇ 2021ರಲ್ಲಿ. ಆ ವರ್ಷ ರೆಡ್ ಬುಲ್ ತಂಡದ ವರ್ಸ್ಟಾಪನ್ ಚಾಂಪಿಯನ್ ಆದ, ಅವನ ಕಾರಿನಲ್ಲಿ ಇದ್ದದ್ದು ಹೋಂಡಾ ಎಂಜಿನ್. ಹಾಗಾಗಿ ಹೋಂಡಾ ಅಂದರೆ ಗೆಲ್ಲುವ ಎಂಜಿನ್ ಅಂತಲೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮೊನ್ನೆ ಹಳೆಯ ರೇಸ್‌ಗಳನ್ನು ಹುಡುಕಿ ನೋಡುವಾಗ 2015ರ ಸುಜುಕಾ ರೇಸ್ ಸಿಕ್ಕಿತು. ನೇರ ದಾರಿಯಲ್ಲಿ, ಹೋಂಡಾ ಎಂಜಿನ್ ಇದ್ದ ಮೆಕ್ಲಾರೆನ್ ತಂಡದ ಕಾರು ಓಡಿಸುತ್ತಿದ್ದ ಅಲೊನ್ಸೊನನ್ನು ಬೇರೆಯವರು ಸಲೀಸಾಗಿ ದಾಟಿಕೊಂಡು ಹೋಗುತ್ತಾರೆ. ಅವನು ರೇಡಿಯೊದಲ್ಲಿ ಇದು ಜಿಪಿ2 ಎಂಜಿನ್, ಅಂದರೆ ಕೆಳದರ್ಜೆಯ ರೇಸ್‌ನ ಎಂಜಿನ್, ಅಂತ ಕೂಗುತ್ತಾನೆ. ಸುಜುಕಾ ಹೋಂಡಾದ್ದೇ ಟ್ರ್ಯಾಕ್. ಕಂಪನಿಯ ದೊಡ್ಡವರೆಲ್ಲ ಎದುರಿಗೇ ಇದ್ದಿರಬೇಕು. ನೋಡಿ ನನಗೆ ಹೊಟ್ಟೆ ಚುರ್ ಅಂದಿತು.

ಲೆಕ್ಕವಿಲ್ಲದಷ್ಟು ಕಾರು, ಬೈಕು, ಸ್ಕೂಟರ್ ಮಾಡುವ ಕಂಪನಿ. ದುಡ್ಡಿಗೆ ಕೊರತೆ ಇಲ್ಲ, ಎಂಜಿನಿಯರ್‌ಗಳಿಗೆ ಕೊರತೆ ಇಲ್ಲ. ಹಾಗಿದ್ದೂ ಎಡವಿದ್ದು ಎಲ್ಲಿ? ಎಂಜಿನ್ ಓದಿದವರು, ಆಗ ರೇಸ್ ನೋಡಿದವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದರೂ ಓದುತ್ತೇನೆ.

ಪಿಸ್ಟನ್_ಪ್ರಿಯ:

ಒಳ್ಳೆಯ ಪ್ರಶ್ನೆ. 2015ರ ಮೊದಲ ರೇಸ್ ದಿನ ಬೆಳಿಗ್ಗೆ ನಾನು ತಿಂಡಿ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆ. ಮೆಲ್ಬರ್ನ್. ಪರೀಕ್ಷಾ ಓಟದಲ್ಲಿ ಪೆಟ್ಟಾಗಿದ್ದರಿಂದ ಅಲೊನ್ಸೊ ಬಂದಿರಲಿಲ್ಲ, ಅವನ ಬದಲು ಮ್ಯಾಗ್ನುಸನ್ ಇದ್ದ. ಅವನ ಕಾರು ಗ್ರಿಡ್‌ಗೆ, ಅಂದರೆ ರೇಸ್ ಶುರುವಾಗುವ ಸಾಲಿಗೆ, ಹೋಗುವ ದಾರಿಯಲ್ಲೇ ಹೊಗೆ ಬಿಟ್ಟು ನಿಂತಿತು. ತಂಡದ ಇನ್ನೊಬ್ಬ ಚಾಲಕ ಬಟನ್ ಹೇಗೋ ಕೊನೆತನಕ ಓಡಿಸಿದ. ಮುಗಿಸಿದ 11 ಜನರಲ್ಲಿ ಅವನೇ 11ನೆಯವನು. ಮೆಕ್ಲಾರೆನ್-ಹೋಂಡಾ ಅಂದರೆ 1988ರಲ್ಲಿ 16 ರೇಸ್‌ಗಳಲ್ಲಿ 15 ಗೆದ್ದ ಜೋಡಿ. ಆ ಹೆಸರು ಹೊತ್ತ ಕಾರು ಹೀಗೆ ಬರುವುದು ನೋಡಿ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ.

ಮೊದಲ ಕಾರಣ ಸಮಯ. ಈ ಹೈಬ್ರಿಡ್ ಎಂಜಿನ್ ನಿಯಮ ಬಂದದ್ದು 2014ರಲ್ಲಿ. 1.6 ಲೀಟರ್ ವಿ6, ಒಂದು ಟರ್ಬೊ, ಜೊತೆಗೆ ಎರಡು ವಿದ್ಯುತ್ ಮೋಟರ್. ಮರ್ಸಿಡೀಸ್ ಇದರ ಮೇಲೆ ವರ್ಷಗಟ್ಟಲೆ ಮೊದಲೇ ಕೆಲಸ ಶುರು ಮಾಡಿತ್ತು. ಹೋಂಡಾ ವಾಪಸ್ ಬರುತ್ತೇವೆ ಅಂತ ಹೇಳಿದ್ದೇ 2013ರ ಮೇ ತಿಂಗಳಲ್ಲಿ, 2015ಕ್ಕೆ ರೇಸ್‌ಗೆ ಇಳಿಯಿತು. ಎರಡು ವರ್ಷಕ್ಕಿಂತ ಕಡಿಮೆ. ಅದಕ್ಕೂ ಮೊದಲು 2008ರ ಕೊನೆಯಲ್ಲಿ ತಂಡವನ್ನೇ ಬಿಟ್ಟು ಹೋಗಿದ್ದರು, ಅಲ್ವಾ. ಅಷ್ಟು ವರ್ಷ ದೂರ ಇದ್ದಾಗ ಕೈಯ ರೂಢಿ ತಪ್ಪಿಹೋಗಿರುತ್ತದೆ.

ಎರಡನೆಯದು ಜಾಗ. ನನ್ನ ಪ್ರಕಾರ ಇದೇ ಮುಖ್ಯ. ಗಾಳಿ ಚೆನ್ನಾಗಿ ಹರಿಯಬೇಕು, ಹಾಗಾಗಿ ಕಾರಿನ ಹಿಂಭಾಗ ಆದಷ್ಟು ಸಪೂರ ಇರಬೇಕು ಅನ್ನುವುದು ಮೆಕ್ಲಾರೆನ್ ಆಸೆ. ಸೈಜ್ ಝೀರೊ ಅಂತ ಅದಕ್ಕೆ ಹೆಸರು. ಅಷ್ಟು ಸಣ್ಣ ಜಾಗದಲ್ಲಿ ಕೂರಲಿ ಅಂತ ಹೋಂಡಾ ತನ್ನ ಟರ್ಬೊದಲ್ಲಿ ಗಾಳಿ ಒತ್ತಿ ಎಂಜಿನ್‌ಗೆ ತುಂಬುವ ಕಂಪ್ರೆಸರನ್ನು ಸಿಲಿಂಡರ್‌ಗಳ ವಿ ಆಕಾರದ ಸಂದಿಯಲ್ಲಿ ತುರುಕಿತು. ಸಂದಿ ಸಣ್ಣದು, ಹಾಗಾಗಿ ಕಂಪ್ರೆಸರೂ ಸಣ್ಣದು. ಮರ್ಸಿಡೀಸ್ ಕಂಪ್ರೆಸರನ್ನು ಎಂಜಿನ್ ಮುಂದಕ್ಕೆ, ಹೊಗೆಯ ರಭಸಕ್ಕೆ ತಿರುಗುವ ಟರ್ಬೈನನ್ನು ಹಿಂದಕ್ಕೆ ಇಟ್ಟು ನಡುವೆ ಒಂದು ಉದ್ದ ಶಾಫ್ಟ್ ಹಾಕಿತ್ತು. ಅವರು ಬೇಕಾದಷ್ಟು ದೊಡ್ಡ ಕಂಪ್ರೆಸರ್ ಇಡಬಹುದಿತ್ತು. ಕಾಲಿನ ಅಳತೆ ಬಿಟ್ಟು ಪೆಟ್ಟಿಗೆಯ ಅಳತೆಗೆ ಚಪ್ಪಲಿ ಹೊಲಿದ ಹಾಗಾಯಿತು ಹೋಂಡಾ ಕತೆ.

ಟರ್ಬೊ ಸಣ್ಣದಾದರೆ ಏನು ಮಹಾ ಅಂತ ಕೇಳಬಹುದು. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಈ ಎಂಜಿನ್‌ಗಳಿಗೆ ಗಂಟೆಗೆ 100 ಕೆಜಿಗಿಂತ ಜಾಸ್ತಿ ಪೆಟ್ರೋಲ್ ಹರಿಯುವ ಹಾಗಿರಲಿಲ್ಲ. ಎಲ್ಲರಿಗೂ ಅಷ್ಟೇ. ಹಾಗಾಗಿ ವಿದ್ಯುತ್ ಕಡೆಯಿಂದ ಎಷ್ಟು ಹೊತ್ತು ಸಹಾಯ ಸಿಗುತ್ತದೆ ಅನ್ನುವುದರ ಮೇಲೆ ಆಟ ನಿಂತಿತ್ತು. ಚಕ್ರಕ್ಕೆ ಬಲ ಕೊಡುವ ಮೋಟರ್ ಎಂಜಿಯು-ಕೆ, ಆಗ ಅದರ ಮಿತಿ 120 ಕಿಲೋವಾಟ್, ಸುಮಾರು 160 ಕುದುರೆ ಶಕ್ತಿ. ಬ್ರೇಕ್ ಹಾಕುವಾಗ ಅದು ಬ್ಯಾಟರಿಗೆ ತುಂಬಿಸಬಹುದಾಗಿದ್ದದ್ದು ಒಂದು ಸುತ್ತಿಗೆ 2 ಮೆಗಾಜೂಲ್ ಮಾತ್ರ. ಭಾಗಿಸಿ ನೋಡಿ, 17 ಸೆಕೆಂಡು ಕೂಡ ಬರುವುದಿಲ್ಲ. ಒಂದು ಸುತ್ತು ಒಂದೂವರೆ ನಿಮಿಷ. ಉಳಿದದ್ದಕ್ಕೆ ಏನು ಮಾಡುವುದು? ಎರಡನೇ ಮೋಟರ್ ಎಂಜಿಯು-ಎಚ್ ಟರ್ಬೊ ಶಾಫ್ಟ್ ಮೇಲೇ ಕೂತು, ಹೊರಗೆ ಹೋಗುವ ಬಿಸಿ ಹೊಗೆಯಿಂದ ವಿದ್ಯುತ್ ಮಾಡುತ್ತಿತ್ತು. ಅದಕ್ಕೆ ಮಿತಿಯೇ ಇರಲಿಲ್ಲ, ನೇರವಾಗಿ ಎಂಜಿಯು-ಕೆಗೆ ಕೊಡಬಹುದಿತ್ತು. ಮರ್ಸಿಡೀಸ್ ಗೆದ್ದದ್ದೇ ಇಲ್ಲಿ. ಹೋಂಡಾದ ಪುಟ್ಟ ಟರ್ಬೊ ಅಷ್ಟು ವಿದ್ಯುತ್ ಕೊಡಲಾರದೆ ನೇರ ದಾರಿ ಅರ್ಧ ಮುಗಿಯುವಷ್ಟರಲ್ಲಿ ಖಾಲಿಯಾಗಿಬಿಡುತ್ತಿತ್ತು. ನೀವು ಸುಜುಕಾದಲ್ಲಿ ನೋಡಿದ್ದು ಅದೇ. ಅಲೊನ್ಸೊ ಆಕ್ಸಿಲರೇಟರ್ ಬಿಟ್ಟಿರಲಿಲ್ಲ, ಒಂದು ಮೋಟರ್ ಮಲಗಿತ್ತು.

ಟೆಸ್ಟ್‌ಬೆಡ್_ಅಕ್ಕ:

ಪಿಸ್ಟನ್ ಅವರು ಚೆನ್ನಾಗಿ ಬರೆದಿದ್ದಾರೆ. ನಾನು 2017ರ ವಿಷಯ ಸೇರಿಸುತ್ತೇನೆ. ನಾನು ಎಂಜಿನ್ ಟೆಸ್ಟ್ ಸೆಲ್‌ನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಟ್ರಕ್ ಎಂಜಿನ್‌ಗಳು, ರೇಸ್ ಅಲ್ಲ. ಆದರೂ ಆ ವರ್ಷ ಹೋಂಡಾಗೆ ಆದದ್ದು ನನಗೆ ಮನೆ ವಿಷಯದ ಹಾಗೆ ಅರ್ಥವಾಗುತ್ತದೆ.

2016ರಲ್ಲಿ ಹೋಂಡಾ ಸ್ವಲ್ಪ ಚೇತರಿಸಿಕೊಂಡಿತ್ತು. 27 ಪಾಯಿಂಟ್‌ನಿಂದ 76ಕ್ಕೆ ಬಂದಿತ್ತು, 9ನೇ ಸ್ಥಾನದಿಂದ 6ಕ್ಕೆ. 2017ಕ್ಕೆ ಧೈರ್ಯ ಮಾಡಿ ಹಳೆಯ ವಿನ್ಯಾಸ ಬಿಟ್ಟು, ಮರ್ಸಿಡೀಸ್ ಹಾಗೆ ಕಂಪ್ರೆಸರ್ ಮುಂದೆ ಟರ್ಬೈನ್ ಹಿಂದೆ ಇಟ್ಟು ಹೊಸ ಎಂಜಿನ್ ಮಾಡಿದರು. ಸರಿಯಾದ ನಿರ್ಧಾರವೇ. ಆದರೆ ಬಾರ್ಸಿಲೋನಾ ಪರೀಕ್ಷೆಯ ಮೊದಲ ದಿನವೇ ಆಯಿಲ್ ತೊಂದರೆ. ಆಮೇಲೆ ನಡುಕ.

ಆಗ ಹೋಂಡಾದ ಫಾರ್ಮುಲಾ ಒನ್ ವಿಭಾಗದ ಮುಖ್ಯಸ್ಥರಾಗಿದ್ದ ಹಸೆಗಾವಾ ಅವರು ಕಾರಣ ಬಿಚ್ಚಿ ಹೇಳಿದ್ದರು. ಡೈನೋ, ಅಂದರೆ ಎಂಜಿನ್ ಪರೀಕ್ಷಿಸುವ ಯಂತ್ರ, ಅದರ ಮೇಲೆ ಎಂಜಿನ್ ಅಲುಗಾಡದೆ ನಿಂತಿರುತ್ತದೆ. ಕಾರಿನಲ್ಲಿ ಹಾಗಲ್ಲ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ತಿರುಗಿದಾಗ ಟ್ಯಾಂಕ್ ಒಳಗಿನ ಆಯಿಲ್ ಗೋಡೆಗೆ ಏರಿಬಿಡುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಅಷ್ಟು ಜೋರಿನ ಎಳೆತವನ್ನು ರಿಗ್ ಮೇಲೆ ತೋರಿಸಲು ಆಗುವುದಿಲ್ಲ. ನಡುಕದ್ದೂ ಅದೇ ಕತೆ. ಡೈನೋದಲ್ಲಿ ಎಂಜಿನ್‌ಗೆ ಜೋಡಿಸಿರುವುದೆಲ್ಲ ಭಾರ, ಗಟ್ಟಿ. ಕಾರಿನಲ್ಲಿ ಹಗುರವಾದ ಗೇರ್‌ಬಾಕ್ಸ್, ಅದರಾಚೆ ರಬ್ಬರ್ ಟೈರ್. ಅಲ್ಲಿ ಎಂಜಿನ್ ಬೇರೆಯೇ ಲಯದಲ್ಲಿ ಕುಣಿಯುತ್ತದೆ.

ನಮ್ಮಲ್ಲೂ ಒಮ್ಮೆ ಹೀಗೇ ಆಗಿತ್ತು. ನೂರಾರು ಗಂಟೆ ಡೈನೋ ಮೇಲೆ ಓಡಿ ಪಾಸಾದ ಎಂಜಿನ್, ಗಾಡಿಯಲ್ಲಿ ಹಾಕಿ ಘಾಟಿ ಹತ್ತಿಸಿದ ಮೂರನೇ ದಿನ ಆಯಿಲ್ ಪ್ರೆಷರ್ ಲೈಟ್ ಹತ್ತಿಕೊಂಡಿತು. ರಾತ್ರಿ ಎಲ್ಲರೂ ಸೆಲ್‌ನಲ್ಲೇ ಕೂತು ಹುಡುಕಿದೆವು, ಅಲ್ಲಿ ಏನು ಮಾಡಿದರೂ ಬರಲೇ ಇಲ್ಲ. ಆ ಸಂಕಟ ಅನುಭವಿಸಿದವರಿಗೇ ಗೊತ್ತು. ಹೋಂಡಾದವರು ಅದನ್ನು ಇಡೀ ಜಗತ್ತು ನೋಡುತ್ತಿರುವಾಗ ಅನುಭವಿಸಿದರು. ಹಾಗಾಗಿ ಅವರನ್ನು ದಡ್ಡರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಹಳೇ_ಸೆನ್ನಾ_ಅಭಿಮಾನಿ:

ಅಕ್ಕಾ, ಸಿಟ್ಟು ಮಾಡಿಕೊಳ್ಳಬೇಡಿ, ಆದರೆ ಮೆಕ್ಲಾರೆನ್ ಕಡೆಯಿಂದಲೂ ಯಾರಾದರೂ ಮಾತಾಡಬೇಕಲ್ಲ. ಮೂರು ವರ್ಷ ಸಣ್ಣ ಅವಧಿ ಅಲ್ಲ. 2015ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಎಂಜಿನ್ ಭಾಗ ಬದಲಾಯಿಸಿದ್ದಕ್ಕೆ ಇಬ್ಬರಿಗೂ ಸೇರಿ 105 ಸ್ಥಾನ ಹಿಂದಕ್ಕೆ ಹಾಕಿದರು. ಗ್ರಿಡ್‌ನಲ್ಲಿ ಇದ್ದದ್ದೇ 20 ಕಾರು! ಅಲೊನ್ಸೊನಂಥ ಚಾಲಕನ ಮೂರು ವರ್ಷ ಹೀಗೆ ಹೋಯಿತು. 2017ರಲ್ಲಿ ಮೊನಾಕೊ ರೇಸ್ ಬಿಟ್ಟು ಅಮೆರಿಕಕ್ಕೆ ಇಂಡಿ 500 ಓಡಿಸಲು ಹೋದ, ಅಲ್ಲಿಯೂ 21 ಸುತ್ತು ಬಾಕಿ ಇರುವಾಗ ಹೋಂಡಾ ಎಂಜಿನ್ ಕೈಕೊಟ್ಟಿತು. ಅದು ಬೇರೆ ಎಂಜಿನ್, ಅಮೆರಿಕದಲ್ಲಿ ಮಾಡಿದ್ದು, ಆ ದಿನ ಗೆದ್ದ ಸಾಟೊನ ಕಾರಿನಲ್ಲೂ ಹೋಂಡಾನೇ ಇತ್ತು, ಅದೆಲ್ಲ ಗೊತ್ತು. ಆದರೂ ಅವನು ಕಾರಿನಿಂದ ಇಳಿದು ಬಂದದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂದಿತ್ತು. 2017 ಮುಗಿದಾಗ ಮೆಕ್ಲಾರೆನ್‌ಗೆ ಸಿಕ್ಕಿದ್ದು 30 ಪಾಯಿಂಟ್. ಮತ್ತೆ 9ನೇ ಸ್ಥಾನ. ಬಿಟ್ಟು ಹೋಗದೆ ಇನ್ನೇನು ಮಾಡಬೇಕಿತ್ತು?

ಪಿಸ್ಟನ್_ಪ್ರಿಯ:

ಬಿಟ್ಟು ಹೋದದ್ದಕ್ಕೆ ನಾನು ಬೈಯುವುದಿಲ್ಲ. ನಿಮ್ಮ ನೋವು ನಿಜ. ಆದರೆ ನಮ್ಮ ಕಾರು ಚೆನ್ನಾಗಿದೆ, ಎಂಜಿನ್ ಒಂದೇ ಕೆಟ್ಟದ್ದು ಅಂತ ಮೂರು ವರ್ಷ ಹೇಳಿಕೊಂಡು ಬಂದರಲ್ಲ, ಅದನ್ನು ಒಪ್ಪುವುದಿಲ್ಲ. 2018ರಲ್ಲಿ ರೆನೊ ಎಂಜಿನ್ ಹಾಕಿಕೊಂಡರು. ಅದೇ ರೆನೊ ಎಂಜಿನ್‌ನಲ್ಲಿ ರೆಡ್ ಬುಲ್ ಆ ವರ್ಷ 4 ರೇಸ್ ಗೆದ್ದಿತು. ಮೆಕ್ಲಾರೆನ್‌ಗೆ ಒಂದು ಪೋಡಿಯಂ (ಮೊದಲ ಮೂರರಲ್ಲಿ ಸ್ಥಾನ) ಕೂಡ ಬರಲಿಲ್ಲ, 62 ಪಾಯಿಂಟ್ ಬಂತು. ಎಂಜಿನ್ ಬದಲಾದ ಮೇಲೆ ಕಾರಿನ ಹುಳುಕು ಎದ್ದು ಕಂಡಿತು. ಅದನ್ನು ಒಪ್ಪಿಕೊಂಡು ತಿದ್ದಿಕೊಂಡ ಮೇಲೇ ಅವರೂ ಮೇಲೆ ಬಂದದ್ದು, ಅದು ಅವರ ದೊಡ್ಡತನ.

ಇನ್ನೊಂದು ವಿಷಯ ಮೊದಲು ಬರೆಯಲು ಮರೆತಿದ್ದೆ. ಆಗ ಟೋಕನ್ ಅಂತ ಒಂದು ನಿಯಮ ಇತ್ತು. ಎಂಜಿನ್‌ನ ಯಾವ ಭಾಗ ಬದಲಾಯಿಸಿದರೂ ಇಷ್ಟು ಟೋಕನ್ ಖರ್ಚು ಅಂತ ಲೆಕ್ಕ. 2015ರಲ್ಲಿ ಹೋಂಡಾಗೆ ಕೊಟ್ಟದ್ದು 9 ಟೋಕನ್. ತಪ್ಪು ಎಲ್ಲಿದೆ ಅಂತ ಗೊತ್ತಾದರೂ ಬುಡದಿಂದ ಸರಿಮಾಡುವ ಹಾಗಿಲ್ಲ. ಟ್ರ್ಯಾಕ್ ಮೇಲೆ ಪರೀಕ್ಷೆ ಮಾಡುವ ದಿನಗಳೂ ಕೈಬೆರಳಲ್ಲಿ ಎಣಿಸುವಷ್ಟು. ಹೊಸದಾಗಿ ಬಂದವರಿಗೆ ಇದು ಕೈ ಕಟ್ಟಿ ಈಜಲು ಬಿಟ್ಟ ಹಾಗೆ. 2017ಕ್ಕೆ ಟೋಕನ್ ತೆಗೆದುಹಾಕಿದರು. ಆ ಹೊತ್ತಿಗೆ ಮೆಕ್ಲಾರೆನ್ ತಾಳ್ಮೆ ಮುಗಿಯುತ್ತಾ ಬಂದಿತ್ತು.

ತುಂಗಾತೀರ:

ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಡೈನೋ ಮೇಲೆ ಸರಿ ಇದ್ದದ್ದು ಕಾರಿನಲ್ಲಿ ಕೆಡುತ್ತದೆ ಅನ್ನುವುದು ನನಗೆ ಹೊಸದು. ಹಾಗಾದರೆ 2018ರಲ್ಲಿ ಏನು ಬದಲಾಯಿತು? ಮೆಕ್ಲಾರೆನ್ ಬಿಟ್ಟ ಮೇಲೆ ಹೋಂಡಾ ಎಂಜಿನ್ ಹೋದದ್ದು ಟೊರೊ ರೊಸೊಗೆ, ಅದು ಸಣ್ಣ ತಂಡ ಅಲ್ವಾ, ಅಲ್ಲಿ ಹೇಗೆ ಸರಿಹೋಯಿತು?

ಪೀಣ್ಯ_ಲೇತ್:

ಶಾಫ್ಟ್ ವಿಷಯ ಬಂದದ್ದರಿಂದ ನಾನೂ ಬರೆಯುತ್ತೇನೆ. ನನ್ನದು ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪ್. ನಾಲ್ಕು ಲೇತ್, ಎರಡು ಮಿಲ್ಲಿಂಗ್.

ಕಂಪ್ರೆಸರ್ ಮುಂದೆ, ಟರ್ಬೈನ್ ಹಿಂದೆ, ನಡುವೆ ಎಂಜಿಯು-ಎಚ್ ಅಂದರೆ ಉದ್ದ ಸಪೂರ ಶಾಫ್ಟ್ ಅಂತ ಅರ್ಥ. ಲೇತ್ ಮೇಲೆ ಉದ್ದನೆ ಜಾಬ್ ಹಾಕಿದವರಿಗೆ ಗೊತ್ತು, ನಡುವೆ ಸ್ಟೆಡಿ (ಆಧಾರ) ಕೊಡದೆ ತಿರುಗಿಸಿದರೆ ಹಗ್ಗ ಕುಣಿದ ಹಾಗೆ ಕುಣಿಯುತ್ತದೆ. ನಾವು ನಿಮಿಷಕ್ಕೆ ಸಾವಿರ ಸುತ್ತು ತಿರುಗಿಸುವಾಗಲೇ ಹೆದರುತ್ತೇವೆ. ಎಂಜಿಯು-ಎಚ್‌ಗೆ ನಿಯಮದಲ್ಲಿ ಇದ್ದ ಮಿತಿ ನಿಮಿಷಕ್ಕೆ 1,25,000 ಸುತ್ತು! ಅಷ್ಟು ವೇಗದಲ್ಲಿ ಕೂದಲೆಳೆಯಷ್ಟು ರನ್‌ಔಟ್ (ತಿರುಗುವಾಗಿನ ಓಲಾಟ) ಇದ್ದರೂ ಬೇರಿಂಗ್ ಪುಡಿ. ಒಂದು ಕಡೆ ಕೆಂಪಗೆ ಕಾದ ಟರ್ಬೈನ್, ಇನ್ನೊಂದು ಕಡೆ ತಣ್ಣನೆ ಗಾಳಿ ಎಳೆಯುವ ಕಂಪ್ರೆಸರ್, ಶಾಫ್ಟ್ ಎರಡು ತುದಿಯಲ್ಲಿ ಎರಡು ಥರ ಹಿಗ್ಗುತ್ತದೆ. ಹೋಂಡಾದಲ್ಲಿ ಪದೇ ಪದೇ ಹೋಗುತ್ತಿದ್ದದ್ದು ಇದೇ. 2018ರ ಮೊದಲ ರೇಸ್‌ನಲ್ಲೂ ಟೊರೊ ರೊಸೊ ಚಾಲಕ ಗ್ಯಾಸ್ಲಿ ಕಾರು ನಿಂತದ್ದು ಎಂಜಿಯು-ಎಚ್ ಹೋಗಿ.

ಇದನ್ನು ಬಿಡಿಸಿದವರು ಯಾರು ಗೊತ್ತಾ? ಅದೇ ಕಂಪನಿಯ ವಿಮಾನ ಎಂಜಿನ್ ವಿಭಾಗದವರು. ಹೋಂಡಾಜೆಟ್ ಅಂತ ಸಣ್ಣ ವಿಮಾನ ಇದೆ, ಅದರ ಎಂಜಿನನ್ನು ಹೋಂಡಾ ಜನರಲ್ ಎಲೆಕ್ಟ್ರಿಕ್ ಜೊತೆ ಸೇರಿ ಮಾಡಿದೆ. ಜೆಟ್ ಎಂಜಿನ್ ಅಂದರೆ ಉದ್ದ ಶಾಫ್ಟ್, ತುದಿಗೆ ಬ್ಲೇಡ್, ಭಯಂಕರ ವೇಗ. ಅವರಿಗೆ ಇದು ದಿನನಿತ್ಯದ ಕೆಲಸ. ಅವರ ಲೆಕ್ಕ, ಅವರ ಅನುಭವ ಬಂದ ಮೇಲೆ ಶಾಫ್ಟ್ ತಡೆದುಕೊಂಡಿತು. 2019ರಲ್ಲಿ ಫ್ರಾನ್ಸ್ ರೇಸ್‌ಗೆ ತಂದ ಹೊಸ ಟರ್ಬೊದಲ್ಲೂ ಅವರ ಕೈ ಇತ್ತು.

ಇನ್ನೊಂದು ನನಗೆ ತುಂಬಾ ಇಷ್ಟವಾದ ವಿಷಯ. ಆಮೇಲಿನ ಎಂಜಿನ್‌ಗಳಲ್ಲಿ ಸಿಲಿಂಡರ್ ಒಳಮೈಗೆ ಹಾಕಿದ ಪ್ಲೇಟಿಂಗ್ ಜಪಾನಿನ ಕುಮಾಮೊಟೊದ ಹೋಂಡಾ ಬೈಕ್ ಫ್ಯಾಕ್ಟರಿಯಿಂದ ಬಂದದ್ದು. ಯೋಚಿಸಿ, ಬೈಕ್ ಮಾಡುವವರು ದಿನಾ ಮಾಡುವ ಕೆಲಸ ಫಾರ್ಮುಲಾ ಒನ್ ಎಂಜಿನ್‌ಗೆ ಬಂತು. ನಮ್ಮ ಕೋಲಾರದ ನರಸಾಪುರದಲ್ಲೂ ಹೋಂಡಾ ಬೈಕ್, ಸ್ಕೂಟರ್ ಫ್ಯಾಕ್ಟರಿ ಇದೆ. ಆ ಗೇಟ್ ದಾಟುವಾಗೆಲ್ಲ ನನಗೆ ಕುಮಾಮೊಟೊ ನೆನಪಾಗುತ್ತದೆ.

ಟೆಸ್ಟ್‌ಬೆಡ್_ಅಕ್ಕ:

ಲೇತ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇದಕ್ಕೆ ಜನರ ಬದಲಾವಣೆಯೂ ಕಾರಣ. 2018ರಿಂದ ಕೆಲಸ ಎರಡಾಗಿ ಒಡೆಯಿತು. ಟ್ರ್ಯಾಕ್ ಮೇಲೆ ತನಬೆ ಅವರು, ಜಪಾನಿನ ಸಾಕುರಾದಲ್ಲಿ ಎಂಜಿನ್ ಬೆಳೆಸುವ ಕೆಲಸಕ್ಕೆ ಅಸಾಕಿ ಅವರು. ಅದಕ್ಕೆ ಮೊದಲು ಎರಡನ್ನೂ ಒಬ್ಬರ ತಲೆ ಮೇಲೆ ಹೊರಿಸಿದ್ದರು. ವಾರ ವಾರ ರೇಸ್‌ಗೆ ಓಡುವವರು ಮುಂದಿನ ವರ್ಷದ ಎಂಜಿನ್ ಬಗ್ಗೆ ತಣ್ಣಗೆ ಕೂತು ಯೋಚಿಸುವುದು ಯಾವಾಗ? ಅಸಾಕಿ ಅವರು ಅದಕ್ಕೆ ಮುಂಚೆ ಮಾಡಿದ್ದು ಎನ್-ಬಾಕ್ಸ್ ಅಂತ, ಜಪಾನಿನಲ್ಲಿ ಮನೆ ಮನೆಯಲ್ಲಿ ಇರುವ ಪುಟ್ಟ ಡಬ್ಬಿಯಂಥ ಕಾರು. ಬೇರೆ ವಿಭಾಗದವರ ಬಾಗಿಲು ತಟ್ಟಿ ಸಹಾಯ ಕೇಳುವುದು ಅವರ ಕಾಲದಲ್ಲಿ ರೂಢಿಯಾಯಿತು.

ಪಿಸ್ಟನ್_ಪ್ರಿಯ:

ಟೊರೊ ರೊಸೊ ಸಣ್ಣ ತಂಡ ಆಗಿದ್ದೇ ಒಳ್ಳೆಯದಾಯಿತು. ಇಟಲಿಯ ಫಾಯೆಂಜಾದ ತಂಡ. ನಾಳೆಯೇ ಗೆಲ್ಲಬೇಕು ಅನ್ನುವ ಒತ್ತಡ ಇಲ್ಲ. ಅದರ ಮುಖ್ಯಸ್ಥ ಫ್ರಾನ್ಜ್ ಟಾಸ್ಟ್ ಹಿಂದೆ ಜಪಾನಿನಲ್ಲಿ ಇದ್ದು ಕೆಲಸ ಮಾಡಿದವರು, ಅಲ್ಲಿಯವರ ರೀತಿ ಅವರಿಗೆ ಗೊತ್ತು. ನಿಮಗೆ ಎಷ್ಟು ಜಾಗ ಬೇಕು ಹೇಳಿ, ಕಾರನ್ನು ಹಾಗೆ ಮಾಡೋಣ ಅನ್ನುವ ಜನ ಸಿಕ್ಕಿದರು. ಎಂಜಿನ್ ಬದಲಾಯಿಸಿ ಗ್ರಿಡ್‌ನಲ್ಲಿ ಹಿಂದೆ ಹೋದರೂ ಪರವಾಗಿಲ್ಲ, ಕಲಿಯೋಣ ಅಂತ ಇಡೀ ವರ್ಷ ಓಡಿಸಿದರು. ಎರಡನೇ ರೇಸ್‌ನಲ್ಲೇ, ಬಹ್ರೇನ್‌ನಲ್ಲಿ, ಗ್ಯಾಸ್ಲಿ 4ನೆಯವನಾಗಿ ಬಂದ. ಮೆಕ್ಲಾರೆನ್ ಜೊತೆ ಮೂರು ವರ್ಷದಲ್ಲಿ ಹೋಂಡಾಗೆ ಅಷ್ಟು ಮೇಲಿನ ಸ್ಥಾನ ಒಮ್ಮೆಯೂ ಸಿಕ್ಕಿರಲಿಲ್ಲ, 5ನೆಯದೇ ಜಾಸ್ತಿ. ಜೂನ್‌ನಲ್ಲಿ ರೆಡ್ ಬುಲ್ 2019ರಿಂದ ನಮಗೂ ಹೋಂಡಾ ಅಂತ ಹೇಳಿತು.

ನೀವು ಒಂದೇ ರೇಸ್ ನೋಡುವುದಾದರೆ 2019ರ ಜೂನ್ 30ರ ಆಸ್ಟ್ರಿಯಾ ನೋಡಿ. ವರ್ಸ್ಟಾಪನ್ ಮುಂದಿನ ಸಾಲಿನಿಂದ ಹೊರಟು ಶುರುವಿನಲ್ಲೇ ತಡವರಿಸಿ ಹಿಂದೆ ಬಿದ್ದ. ಆಮೇಲೆ ಒಬ್ಬೊಬ್ಬರನ್ನೇ ದಾಟುತ್ತಾ ಬಂದ. ಕೊನೆಗೆ ಮೊದಲ ಸ್ಥಾನದಲ್ಲಿದ್ದ ಲೆಕ್ಲರ್‌ನನ್ನು ಹಿಡಿದು, ಮೂರು ಸುತ್ತು ಇರುವಾಗ ಅವನನ್ನೂ ದಾಟಿದ. ಏರುದಾರಿಯ ಟ್ರ್ಯಾಕ್ ಅದು, ಎಂಜಿನ್ ಸೊರಗಿದ್ದರೆ ಅಲ್ಲಿ ಆಗುತ್ತಿರಲಿಲ್ಲ. 2006ರ ಹಂಗೆರಿ ಆದ ಮೇಲೆ ಹೋಂಡಾಗೆ ಅದು ಮೊದಲ ಗೆಲುವು. ಪೋಡಿಯಂ ಮೇಲೆ ತನಬೆ ಅವರು ನಿಂತಿದ್ದರು, ವರ್ಸ್ಟಾಪನ್ ತನ್ನ ಅಂಗಿಯ ಮೇಲಿನ ಹೋಂಡಾ ಗುರುತನ್ನು ಬೆರಳು ಮಾಡಿ ತೋರಿಸಿದ. ನಾನು ಸಂಜೆ ಮನೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

2021ರ ಎಂಜಿನ್‌ಗೆ ಬೇರೆ ಕತೆ ಇದೆ. 2020ರ ಅಕ್ಟೋಬರ್ 2ರಂದು ಹೋಂಡಾ, ಮುಂದಿನ ವರ್ಷ ಮುಗಿಸಿ ಹೊರಟುಹೋಗುತ್ತೇವೆ ಅಂತ ಹೇಳಿತು. ಹೊಸ ವಿನ್ಯಾಸ 2022ಕ್ಕೆ ಅಂತ ಮುಂದೂಡಿ ಇಟ್ಟಿದ್ದರು. ಹೋಗುವುದೇ ಆದರೆ ನಮ್ಮ ಕೈಲಾದದ್ದನ್ನೆಲ್ಲ ಟ್ರ್ಯಾಕ್ ಮೇಲೆ ಇಟ್ಟೇ ಹೋಗೋಣ ಅಂತ ಸಾಕುರಾದವರು ಹಟ ಹಿಡಿದು ಅದನ್ನು 2021ಕ್ಕೇ ತಂದರು. ಸಿಲಿಂಡರ್‌ಗಳನ್ನು ಇನ್ನೂ ಹತ್ತಿರ ತಂದು, ಕ್ಯಾಮ್‌ಶಾಫ್ಟನ್ನು ಕೆಳಗಿಳಿಸಿ, ಎಂಜಿನನ್ನೇ ಚಿಕ್ಕದು ಮಾಡಿದರು. 2015ರಲ್ಲಿ ಯಾವ ಸಣ್ಣ ಗಾತ್ರಕ್ಕಾಗಿ ಎಂಜಿನ್ ಉಸಿರು ಕಟ್ಟಿತ್ತೋ ಅದೇ ಸಣ್ಣ ಗಾತ್ರ, ಈ ಸಲ ಉಸಿರು ಬಿಗಿಯದೆ ಬಂತು. ಆ ವರ್ಷ ರೆಡ್ ಬುಲ್ 11 ರೇಸ್ ಗೆದ್ದಿತು. 1991ರಲ್ಲಿ ಸೆನ್ನಾ ಗೆದ್ದ ಮೇಲೆ ಹೋಂಡಾ ಎಂಜಿನ್‌ನಲ್ಲಿ ಮತ್ತೆ ಒಬ್ಬ ಚಾಂಪಿಯನ್ ಆದದ್ದು ಆಗಲೇ.

ಹಳೇ_ಸೆನ್ನಾ_ಅಭಿಮಾನಿ:

ಸೆನ್ನಾ ಹೆಸರು ತಂದು ನನ್ನ ಬಾಯಿ ಕಟ್ಟಿಬಿಟ್ಟಿರಿ ಗುರುಗಳೇ. ಮೆಕ್ಲಾರೆನ್ ಅವಸರ ಮಾಡಿತು ಅಂತ ಒಪ್ಪುತ್ತೇನೆ, ಆದರೆ ಇನ್ನೂ ಎರಡು ವರ್ಷ ಕಾಯಿರಿ ಅಂತ ಅಲೊನ್ಸೊಗೆ ಹೇಳಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. 2026ಕ್ಕೆ ಆಸ್ಟನ್ ಮಾರ್ಟಿನ್ ತಂಡಕ್ಕೆ ಎಂಜಿನ್ ಕೊಡಲು ಹೋಂಡಾ ಒಪ್ಪಿದ್ದು 2023ರ ಮೇ ತಿಂಗಳಲ್ಲಿ. ಅದನ್ನು ಓಡಿಸಲು ಸಹಿ ಹಾಕಿದ್ದು ಅದೇ ಅಲೊನ್ಸೊ. ಆ ಸುದ್ದಿ ಓದಿದ ದಿನ ನಾನು ಎರಡೆರಡು ಸಲ ಓದಿದೆ. ಹೊಸ ನಿಯಮದಲ್ಲಿ ಅಷ್ಟು ಕಾಡಿದ ಎಂಜಿಯು-ಎಚ್ ಇಲ್ಲವೇ ಇಲ್ಲ, ಎಂಜಿಯು-ಕೆ 350 ಕಿಲೋವಾಟ್. ಮತ್ತೆ ಎಲ್ಲ ಮೊದಲಿಂದ.

ತುಂಗಾತೀರ:

ಆಸ್ಟ್ರಿಯಾ ರೇಸ್ ನಿನ್ನೆ ರಾತ್ರಿ ನೋಡಿದೆ. ತನಬೆ ಅವರ ಮುಖ ನೋಡಿ, ಸುಜುಕಾ ನೆನಪಾಗಿ, ಅಲ್ಲೇ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಕೊನೆಯ ಪ್ರಶ್ನೆ: ಮೆಕ್ಲಾರೆನ್ ಜೊತೆ 5ನೆಯದೇ ಜಾಸ್ತಿ ಅಂದಿರಲ್ಲ, ಅದು ಯಾವ ರೇಸ್?

ಟೆಸ್ಟ್‌ಬೆಡ್_ಅಕ್ಕ:

ಮೊದಲನೆಯದು 2015ರ ಹಂಗೆರಿ. ಅಲೊನ್ಸೊ 5, ಬಟನ್ 9. ಅಲ್ಲಿ ತಿರುವು ಜಾಸ್ತಿ, ನೇರ ದಾರಿ ಕಡಿಮೆ, ಹಾಗಾಗಿ ವಿದ್ಯುತ್ ಬೇಗ ಖಾಲಿಯಾದರೂ ಅಷ್ಟು ಹೊಡೆತ ಬೀಳಲಿಲ್ಲ. ಅದನ್ನೂ ನೋಡಿ. ಹಿಂದಿನ ದಿನ, ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡುವುದು ಅಂತ ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲಿ, ಕಾರು ಕೆಟ್ಟು ನಿಂತಾಗ ಅಲೊನ್ಸೊ ಇಳಿದು ಅದನ್ನು ಪಿಟ್ ಕಡೆಗೆ ತಳ್ಳಿಕೊಂಡು ಹೋಗುತ್ತಾನೆ, ಅದನ್ನು ಬಿಡಬೇಡಿ.